ಧೂಳು ಕಮ್ಮಿ ಇರೋ ಬ್ರೇಕ್ ಪ್ಯಾಡ್: ಹುಡುಕಿದ್ದು, ಹಾಕಿದ್ದು, ಬಿಚ್ಚಿದ್ದು

ಗಾಡಿ: ಜರ್ಮನ್ ಕಂಪನಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೀಟರ್‌ನಲ್ಲಿ 74,000 ಕಿ.ಮೀ. ಮುಂದೆ ಡಿಸ್ಕ್, ಹಿಂದೆ ಡ್ರಮ್.
ಓಡಾಟ: ಜಾಸ್ತಿ ತುಮಕೂರು–ಬೆಂಗಳೂರು ಹೆದ್ದಾರಿ, ಮಿಕ್ಕಿದ್ದು ಊರೊಳಗೆ.
ತೊಂದರೆ: ಮುಂದಿನ ಅಲಾಯ್ ವೀಲುಗಳು ತೊಳೆದ ವಾರಕ್ಕೇ ಕಪ್ಪು. ಎಡಗಡೆಯದು ಇನ್ನೂ ಜಾಸ್ತಿ.
ಬೇಕಾಗಿದ್ದು: ಧೂಳು ಕಮ್ಮಿ ಬಿಡುವ ಪ್ಯಾಡ್. ಆದರೆ ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟ ಇಳಿಯುವಾಗ ನಂಬಿಕೊಳ್ಳುವ ಹಾಗಿರಬೇಕು.

1. ಇದು ಯಾವ ಧೂಳು?

ನಮ್ಮ ಕಡೆ ಗಾಡಿ ಮೇಲೆ ಕೂರುವ ಧೂಳಿಗೇನು ಬರವಿಲ್ಲ. ಅದಕ್ಕೇ ಮೊದಲು ಇದನ್ನು ಖಾತ್ರಿ ಮಾಡಿಕೊಂಡೆ. ಕೆಂಪು ಮಣ್ಣಾದರೆ ನೀರು ಬಿಟ್ಟರೆ ಹೋಗುತ್ತದೆ. ಬ್ರೇಕ್ ಧೂಳು ಹೋಗೋದಿಲ್ಲ. ಬಟ್ಟೆಯಿಂದ ಉಜ್ಜಿದರೆ ಎಣ್ಣೆ ಮಸಿ ತರ ಎಳೆದುಕೊಂಡು ಹೋಗುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಹಳೇ ಸ್ಪೀಕರ್‌ನಿಂದ ಕಿತ್ತ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ವೀಲಿನ ಒಳಬದಿಗೆ ಒರೆಸಿದೆ. ಕವರ್ ಮೇಲೆ ಸಣ್ಣ ಸಣ್ಣ ಮುಳ್ಳಿನ ಹಾಗೆ ಕಪ್ಪು ಪುಡಿ ಎದ್ದು ನಿಂತಿತು. ಅಯಸ್ಕಾಂತ ಹೊರಗೆ ತೆಗೆದ ಕೂಡಲೇ ಪೊತ್ತನೆ ಉದುರಿತು. ಅದು ಕಬ್ಬಿಣ. ಪ್ಯಾಡ್‌ನಲ್ಲಿರುವ ಉಕ್ಕಿನ ನಾರು ಸ್ವಲ್ಪ, ಡಿಸ್ಕ್ ಸವೆದು ಬಂದದ್ದು ಸ್ವಲ್ಪ. ವೀಲಿನ ಮೇಲೆ ಕೂತು ತುಕ್ಕು ಹಿಡಿದು, ಪೇಂಟಿಗೆ ಕಚ್ಚಿಕೊಳ್ಳೋದು ಇದೇ.

ಹಿಂದಿನ ವೀಲು ಯಾಕೆ ಕ್ಲೀನ್ ಅಂದರೆ, ಅಲ್ಲಿ ಶೂ (ಪ್ಯಾಡ್ ಬದಲು ಡ್ರಮ್‌ಗೆ ಒಳಗಿಂದ ಉಜ್ಜುವ ಭಾಗ) ಸವೆದ ಪುಡಿ ಡ್ರಮ್ ಒಳಗೇ ಉಳಿಯುತ್ತದೆ. ಧೂಳು ಇಲ್ಲ ಅಂತಲ್ಲ, ಕಾಣಲ್ಲ ಅಷ್ಟೆ.

2. ಎಡಕ್ಕೆ ಜಾಸ್ತಿ ಯಾಕೆ?

ಎರಡೂ ಕಡೆ ಒಂದೇ ಪ್ಯಾಡು, ಒಂದೇ ಬ್ರೇಕ್ ಆಯಿಲ್ ಒತ್ತಡ. ಹಾಗಿದ್ದ ಮೇಲೆ ಧೂಳು ಒಂದು ಕಡೆ ಮಾತ್ರ ಜಾಸ್ತಿ ಬರಬಾರದು. ಬಂದರೆ ಅದು ಪ್ಯಾಡಿನ ಜಾತಿಯ ಸಮಸ್ಯೆ ಅಲ್ಲ. ಎಲ್ಲೋ ಬ್ರೇಕು ಬಿಡದೆ ಹಿಡಿದುಕೊಂಡಿದೆ ಅಂತ ಅರ್ಥ.

ನೋಡೋದು ಹೇಗೆ? ಕ್ಯಾತ್ಸಂದ್ರದ ಆಚೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ, ಗೇರ್ ಇಳಿಸಿಕೊಂಡೇ ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ. ಎರಡೂ ಡಿಸ್ಕಿನ ಬಿಸಿ ನೋಡಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡೀತಿದ್ದ ಗನ್ ಇದಕ್ಕೆ ಆಗಲ್ಲ, ಅದು ಮೈ ಬಿಸಿಯಷ್ಟೇ ಅಳೆಯುತ್ತದೆ. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗೆಳೆಯನಿಂದ ಕಾರ್ಖಾನೆ ಗನ್ ಇಸ್ಕೊಂಡು ಬಂದಿದ್ದೆ.

ಬಲ: 61 ಡಿಗ್ರಿ. ಎಡ: 128 ಡಿಗ್ರಿ.

ಮನೆಗೆ ಬಂದು ಜಾಕಿ ಕೊಟ್ಟು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದೆ. ಬಲಗಡೆಯದು ಹೆಚ್ಚೂಕಮ್ಮಿ ಒಂದು ಸುತ್ತು ಹೋಗಿ ನಿಂತಿತು. ಎಡಗಡೆಯದು ಕೈ ಬಿಟ್ಟ ಕೂಡಲೇ ನಿಂತಿತು.

ಹೊಸ ಪ್ಯಾಡ್ ಹುಡುಕುವ ಮೊದಲು ಇಷ್ಟು ನೋಡಿಕೊಂಡರೆ ಎಷ್ಟೋ ಜನರಿಗೆ ದುಡ್ಡು ಉಳಿಯುತ್ತದೆ. ಹಿಡಿದುಕೊಂಡ ಬ್ರೇಕಿಗೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಅದೂ ಹಗಲೂ ರಾತ್ರಿ ಸವೆಯುತ್ತಲೇ ಇರುತ್ತದೆ.

3. ಬಿಚ್ಚಿದಾಗ ಕಂಡದ್ದು

ಬಳಸಿದ್ದು: ಜಾಕಿ, ಎರಡು ಸ್ಟ್ಯಾಂಡು, ಹಿಂದಿನ ಚಕ್ರಕ್ಕೆ ಕಲ್ಲು, 17ರ ಸಾಕೆಟ್, 7 ಎಂಎಂ ಎಲನ್ ಬಿಟ್, ದೊಡ್ಡ ಸಿ-ಕ್ಲಾಂಪ್, ವೈರ್ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಮಾಸ್ಕ್. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ.

ಒಂದು ಮಾತು. ಗ್ಯಾರೇಜ್‌ಗಳಲ್ಲಿ ಈ ಪುಡಿಯನ್ನು ಏರ್ ಗನ್ ಹಿಡಿದು ಊದುತ್ತಾರಲ್ಲ, ಅದನ್ನು ಮಾಡಬಾರದು. ಹಳೇ ಕಾಲದ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಈಗಿನ ಬಹುತೇಕ ಪ್ಯಾಡ್‌ಗಳಲ್ಲಿ ಅದಿಲ್ಲದಿದ್ದರೂ ಆ ಪುಡಿ ಎದೆಗೆ ಒಳ್ಳೆಯದಲ್ಲ. ಸ್ಪ್ರೇ ಹೊಡೆದು ಒದ್ದೆ ಮಾಡಿ, ಕೆಳಗೆ ಟ್ರೇ ಇಟ್ಟು ಇಳಿಸಿಕೊಂಡೆ.

ಪ್ಯಾಡ್ ದಪ್ಪ (ಹಿಂದಿನ ತಗಡು ಬಿಟ್ಟು):
ಬಲ: ಒಳಗಿನದು 6.0 ಎಂಎಂ, ಹೊರಗಿನದು 6.3.
ಎಡ: ಒಳಗಿನದು 3.4 ಎಂಎಂ, ಹೊರಗಿನದು 6.5.

ಎಡಗಡೆ ಒಳಗಿನದು ಮಾತ್ರ ಅರ್ಧಕ್ಕರ್ಧ ತಿಂದುಹೋಗಿದೆ. ಕ್ಯಾಲಿಪರ್ ಅಂದರೆ ಎರಡೂ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ. ಇದರಲ್ಲಿ ಪಿಸ್ಟನ್ ಒಂದೇ, ಒಳಗಡೆ ಇರೋದು. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಗೈಡ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಜಾರದೇ ಹೋದರೆ ಒಳಗಿನದೇ ದುಡಿದು ದುಡಿದು ಸವೆಯುತ್ತದೆ.

ಪಿನ್ ಎಳೆದರೆ ಬರಲಿಲ್ಲ. ತಿರುಗಿಸಿ ತಿರುಗಿಸಿ ತೆಗೆದಾಗ ಅದರ ಸುತ್ತ ಹಳದಿ ಗ್ರೀಸು ಮೇಣದ ತರ ಗಟ್ಟಿಯಾಗಿತ್ತು. ಹಿಂದೆ ಯಾವಾಗಲೋ ಸರ್ವಿಸ್‌ನಲ್ಲಿ ಯಾರೋ ಒಳ್ಳೇ ಮನಸ್ಸಿನಿಂದಲೇ ಚಾಸಿ ಗ್ರೀಸ್ (ಪೆಟ್ರೋಲಿಯಂನ ಮಾಮೂಲಿ ಗ್ರೀಸ್) ತುಂಬಿದ್ದಾರೆ. ನನ್ನ ಗಾಡಿಯ ಪಿನ್ ರಬ್ಬರ್ ಬುಷ್ (ಕೊಳವೆ) ಒಳಗೆ ಓಡುವ ಜಾತಿಯದು. ಅದಕ್ಕೆ ಗ್ರೀಸೇ ಬೇಡ, ಒಣಗಿಯೇ ಓಡಬೇಕು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಊದಿದ ಬುಷ್ ಪಿನ್ನನ್ನು ಕಚ್ಚಿ ಹಿಡಿದಿತ್ತು.

ಲೋಹದ ತೂತಿನಲ್ಲಿ ಪಿನ್ ಜಾರುವ ಕ್ಯಾಲಿಪರ್‌ಗಳೂ ಇವೆ, ಬೇರೆ ಕಂಪನಿಯ ಬಹಳ ಗಾಡಿಗಳಲ್ಲಿ ಅದೇ ಇರೋದು. ಅವಕ್ಕೆ ಗ್ರೀಸ್ ಬೇಕೇ ಬೇಕು, ಆದರೆ ಸಿಲಿಕೋನ್ ಗ್ರೀಸ್. ನಿಮ್ಮದು ಯಾವ ಜಾತಿ ಅಂತ ನೋಡಿಕೊಂಡು ಮುಂದುವರಿಯಿರಿ.

ಹೊಸ ಬುಷ್ ಕಿಟ್ ಎರಡೂ ಕಡೆಗೆ ತರಿಸಿದೆ, ₹640. ಪಿನ್‌ಗಳಿಗೆ ಸಣ್ಣ ಎಮರಿ ಕೊಟ್ಟು, ಸ್ಪ್ರೇಯಿಂದ ಒರೆಸಿ, ಒಣಗಿಸಿಯೇ ಹಾಕಿದೆ. ಈಗ ಒಂದೇ ಬೆರಳಲ್ಲಿ ಜಾರುತ್ತಿತ್ತು.

ಡಿಸ್ಕ್ ದಪ್ಪ: ಹೊಸದರಲ್ಲಿ 22 ಎಂಎಂ, 19ಕ್ಕೆ ಬಂದರೆ ಬಿಸಾಕಬೇಕು. ವರ್ನಿಯರ್ ಇಟ್ಟರೆ 21.7 ತೋರಿಸಿತು. ಖುಷಿಪಡಬೇಡಿ. ಡಿಸ್ಕಿನ ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಒಂದು ದಿಂಡು ಇರುತ್ತದೆ, ವರ್ನಿಯರ್ ಅದನ್ನೇ ಅಳೆಯೋದು. ಶಿರಾ ಗೇಟ್ ಕಡೆಯ ಲೇತ್ ಅಂಗಡಿಯವರ ಸ್ಕ್ರೂ ಗೇಜ್ ತಂದು ದಿಂಡಿನ ಒಳಗೆ ಇಟ್ಟರೆ ನಿಜ ಹೊರಬಿತ್ತು: 20.6. ಸುತ್ತ ಎಂಟು ಕಡೆ ಅಳೆದೆ, ಎಲ್ಲೂ ಹೆಚ್ಚು ಕಮ್ಮಿ ಇಲ್ಲ. ಪೆಡಲ್ ನಡುಗುತ್ತಲೂ ಇರಲಿಲ್ಲ. ಹಾಗಾಗಿ ಲೇತ್‌ಗೆ ಕೊಡಲಿಲ್ಲ. ಸುಮ್ನೆ ಫೇಸಿಂಗ್ (ಮುಖ ಕೆರೆದು ಸಮ ಮಾಡೋದು) ಮಾಡಿಸಿದರೆ ಇರೋ ಒಂದೂವರೆ ಎಂಎಂನಲ್ಲಿ ಅಷ್ಟು ಕಳೆದುಕೊಂಡ ಹಾಗೆ.

4. ಪ್ಯಾಡ್ ಆರಿಸಿದ್ದು

ಇದಕ್ಕೇ ಜಾಸ್ತಿ ಹೊತ್ತು ಹೋಯಿತು.

ಯುರೋಪಿನ ಗಾಡಿಗಳಿಗೆ ಸಾಮಾನ್ಯವಾಗಿ ಲೋ-ಮೆಟಾಲಿಕ್ ಪ್ಯಾಡ್, ಅಂದರೆ ಸ್ವಲ್ಪ ಉಕ್ಕಿನ ನಾರು ಬೆರೆಸಿದ್ದು, ಹಾಕುತ್ತಾರೆ. ವೇಗದಲ್ಲಿ ಚೆನ್ನಾಗಿ ಕಚ್ಚುತ್ತದೆ, ಬಿಸಿ ತಡೆಯುತ್ತದೆ, ಜೊತೆಗೆ ಡಿಸ್ಕನ್ನೂ ಕೆರೆಯುತ್ತದೆ. ಅದಕ್ಕೇ ಅಷ್ಟು ಮಸಿ. ಜಪಾನ್, ಕೊರಿಯಾ ಮೂಲದ ಗಾಡಿಗಳಿಗೆ ಹೆಚ್ಚಾಗಿ ಬರೋದು ಉಕ್ಕಿನ ನಾರಿಲ್ಲದ ಆರ್ಗ್ಯಾನಿಕ್ ಪ್ಯಾಡ್. ಧೂಳು ಕಮ್ಮಿ, ಸದ್ದು ಕಮ್ಮಿ. ಸೆರಾಮಿಕ್ ಅಂತ ಮಾರೋದು ಇದೇ ಕುಟುಂಬದ ಮುಂದಿನ ತಲೆಮಾರು. ಧೂಳು ಬಂದರೂ ಬಣ್ಣ ತಿಳಿ, ವೀಲಿಗೆ ಅಂಟೋದೂ ಕಮ್ಮಿ. ಸೆಮಿ-ಮೆಟಾಲಿಕ್ ನನ್ನ ಪಟ್ಟಿಯಲ್ಲೇ ಇರಲಿಲ್ಲ, ಅದರಲ್ಲಿ ಕಬ್ಬಿಣ ಇನ್ನೂ ಜಾಸ್ತಿ.

ನಾನು ಗಾಡಿ ತೋರಿಸೋ ಭಾಯ್ ಹತ್ತಿರ ಕೇಳಿದೆ: "ಭಾಯ್, ಧೂಳು ಬರದೇ ಇರೋ ಪ್ಯಾಡ್ ಯಾವುದಾದ್ರೂ ಇದ್ಯಾ?"

"ಸಾರ್, ಧೂಳೇ ಬರಬಾರ್ದು ಅಂದ್ರೆ ಬ್ರೇಕೇ ಹಿಡೀಬಾರ್ದು. ಕಂಪ್ನಿದು ಹಾಕ್ಸಿ, ವಾರಕ್ಕೊಂದ್ಸಲ ತೊಳೀರಿ."

ಅವರ ಮಾತು ಮುಕ್ಕಾಲು ಪಾಲು ಸರಿ. ಉಜ್ಜಿದರೆ ಸವೆಯಲೇಬೇಕು. ಕೇಳಬೇಕಾದ ಪ್ರಶ್ನೆ ಏನಂದರೆ ಎಷ್ಟು ಸವೆಯುತ್ತದೆ, ಏನು ಸವೆಯುತ್ತದೆ ಅಂತ. ಯುರೋಪಿನವರು 2024ರಲ್ಲಿ ತಂದ ಯೂರೋ 7 ಅನ್ನೋ ವಾಹನ ಮಾಲಿನ್ಯ ನಿಯಮದಲ್ಲಿ ಬ್ರೇಕ್ ಧೂಳಿಗೂ ಮಿತಿ ಹಾಕಿದ್ದಾರೆ: ಪೆಟ್ರೋಲ್ ಕಾರಿನಂಥದ್ದಕ್ಕೆ ಕಿಲೋಮೀಟರಿಗೆ 7 ಮಿಲಿಗ್ರಾಂ ಸೂಕ್ಷ್ಮ ಕಣ. ಸಾವಿರ ಕಿಲೋಮೀಟರಿಗೆ 7 ಗ್ರಾಂ ಆಯಿತಲ್ವಾ. ಅಂದರೆ ಕಮ್ಮಿ ಮಾಡಿ ಅಂತಾರೆಯೇ ಹೊರತು ಅವರೂ ಸೊನ್ನೆ ಕೇಳುತ್ತಿಲ್ಲ.

ಬಿ.ಎಚ್. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ನನ್ನ ಗಾಡಿಗೆ ಸಿಕ್ಕಿದ್ದು ಕಂಪನಿ ಮಾದರಿಯದು ಮಾತ್ರ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಆಯ್ಕೆ ಜಾಸ್ತಿ, ಬಾಯಿಮಾತೂ ಜಾಸ್ತಿ. ಡಬ್ಬದ ಮೇಲೆ ಸೆರಾಮಿಕ್ ಅಂತ ಬರೆದ ಮಾತ್ರಕ್ಕೆ ಸೆರಾಮಿಕ್ ಆಗೋದಿಲ್ಲ. ಅದಕ್ಕೆ ಅದೇ ಅಯಸ್ಕಾಂತದ ಒಂದು ಚೂರು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಪ್ಯಾಡಿನ ಉಜ್ಜುವ ಮುಖದ ಮೇಲೆ ಇಡಬೇಕು, ಹಿಂದಿನ ತಗಡಿಗಲ್ಲ. ಒಂದು ಡಬ್ಬದಲ್ಲಿದ್ದದ್ದು ಟಕ್ಕಂತ ಹಿಡಿದುಕೊಂಡಿತು. ಒಳಗೆ ಉಕ್ಕಿನ ನಾರು ತುಂಬಿದೆ ಅಂತಾಯಿತು. ಅಂಗಡಿಯವರು "ಹಿಂದೆ ತಗಡು ಇದ್ಯಲ್ಲ ಸಾರ್, ಅದ್ಕೆ" ಅಂದರು. ಹತ್ತು ಎಂಎಂ ದಪ್ಪದ ಆಚೆಯಿಂದ ಚೂರು ಅಯಸ್ಕಾಂತವನ್ನು ತಗಡು ಹಾಗೆ ಎಳೆಯೋದಿಲ್ಲ. ಪಕ್ಕದ ಇನ್ನೊಂದು ಪ್ಯಾಡಿನ ಮೇಲೆ ಇಟ್ಟು ತೋರಿಸಿದೆ, ಜಾರಿ ಬಿತ್ತು. ಅವರು ನಕ್ಕು ಸುಮ್ಮನಾದರು.

ಪ್ಯಾಡ್ ಮೇಲೆ ನೋಡಬೇಕಾದ ಗುರುತುಗಳು:

ಎರಡು ಅಕ್ಷರದ ಕೋಡ್. ಇಂಗ್ಲಿಷಿನ ಇ, ಎಫ್, ಜಿ ಅಕ್ಷರಗಳು. ಇ ಅಂದರೆ ಘರ್ಷಣೆಯ ಅಳತೆ (ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ) 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲನೆಯದು ಮಾಮೂಲಿ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ. ಎಫ್‌ಎಫ್ ಇದ್ದರೆ ರಸ್ತೆ ಗಾಡಿಗೆ ಸಾಕು. ಎರಡನೇ ಅಕ್ಷರ ಇ ಇದ್ದರೆ ಕಾದಾಗ ಹಿಡಿತ ಇಳಿಯುತ್ತದೆ, ಘಾಟಿಗೆ ಬೇಡ. ಈ ಕೋಡ್ ಧೂಳಿನ ಬಗ್ಗೆ ಏನೂ ಹೇಳೋದಿಲ್ಲ, ಹಿಡಿತದ ಬಗ್ಗೆ ಮಾತ್ರ.

ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ, ಆಮೇಲೆ 90ಆರ್. ಇದು ಯುರೋಪಿನ ಆರ್90 ಒಪ್ಪಿಗೆ. ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು: 1 ಜರ್ಮನಿ, 11 ಬ್ರಿಟನ್. ಈ ಗುರುತು ಬೇಕಾದರೆ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಆಚೀಚೆ ಇರಬಾರದು. ನನಗೆ ಇದೇ ಮುಖ್ಯ ಅನ್ನಿಸಿತು. ಪೆಡಲ್ ಮೇಲೆ ಕಾಲಿಗೆ ಆಗಲೇ ಅಭ್ಯಾಸ ಆಗಿರುತ್ತದಲ್ಲ.

ಎಲೆ ಗುರುತು. ಅಮೆರಿಕದ ಮಾರುಕಟ್ಟೆಗೆ ಮಾಡಿದ್ದರ ಮೇಲೆ ಇರುತ್ತದೆ. ಮೂರು ಎಲೆ ಅಂದರೆ ತಾಮ್ರ ಅರ್ಧ ಪರ್ಸೆಂಟಿಗಿಂತ ಕಮ್ಮಿ. ಮಳೆ ನೀರಿನ ಜೊತೆ ತಾಮ್ರ ಹರಿದು ಹೋಗಿ ಮೀನಿಗೆ ವಿಷ ಆಗುತ್ತದೆ ಅಂತ ಅಲ್ಲಿನ ಕಾಳಜಿ. ಇದ್ದರೆ ಒಳ್ಳೆಯದು, ನನ್ನ ಆಯ್ಕೆ ಇದರ ಮೇಲೆ ನಿಂತಿರಲಿಲ್ಲ.

5. ಮೊದಲ ಸೆಟ್: ಧೂಳು ಇಲ್ಲ, ಹಿಡಿತವೂ ಇಲ್ಲ

ಆನ್‌ಲೈನ್‌ನಲ್ಲಿ ಸಿಕ್ಕ ಸೆರಾಮಿಕ್ ಸೆಟ್, ₹1,850. ಅಯಸ್ಕಾಂತ ಹಿಡಿಯಲಿಲ್ಲ, ಅಲ್ಲಿಗೆ ಪಾಸ್. ಆದರೆ ಹಿಂದಿನ ತಗಡಿನ ಮೇಲೆ ಒಂದು ನಂಬರ್ ಬಿಟ್ಟರೆ ಯಾವ ಕೋಡೂ ಇರಲಿಲ್ಲ. ಬೆಲೆ ನೋಡಿ ಹಾಕಿಯೇ ನೋಡೋಣ ಅಂತ ಹಾಕಿದ್ದು.

ಹಾಕಿದ ಕ್ರಮ: ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಸಿರಿಂಜ್‌ನಿಂದ ಸ್ವಲ್ಪ ಆಯಿಲ್ ಎಳೆದುಕೊಂಡೆ. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಆಯಿಲ್ ಮೇಲೆ ಬಂದು ಚೆಲ್ಲುತ್ತದೆ, ಚೆಲ್ಲಿದ ಕಡೆ ಪೇಂಟ್ ಕಿತ್ತುಬರುತ್ತದೆ. ಹಳೇ ಪ್ಯಾಡನ್ನೇ ಪಿಸ್ಟನ್ ಮೇಲಿಟ್ಟು ಸಿ-ಕ್ಲಾಂಪ್‌ನಿಂದ ನಿಧಾನವಾಗಿ ಒಳಕ್ಕೆ ಒತ್ತಿದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತು ಬಿಡದೆ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿದೆ. ಪ್ಯಾಡ್ ಕೂರುವ ಜಾಗದ ತುಕ್ಕು ವೈರ್ ಬ್ರಷ್‌ನಿಂದ ತೆಗೆದು, ತಗಡಿನ ಕಿವಿಗಳಿಗೆ ಮಾತ್ರ ತೆಳ್ಳಗೆ ಬ್ರೇಕ್ ಗ್ರೀಸ್. ಪಿನ್ 30 ನ್ಯೂಟನ್ ಮೀಟರ್, ವೀಲ್ ಬೋಲ್ಟ್ 120. ಕೊನೆಗೆ, ಗಾಡಿ ಅಲ್ಲಾಡಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಬೇಕು. ಇದನ್ನು ಮರೆತು ರಿವರ್ಸ್ ಹಾಕಿದರೆ ಮೊದಲ ಬ್ರೇಕಿಗೆ ಕಾಲು ನೆಲಕ್ಕೇ ಹೋಗುತ್ತದೆ.

ಫಲ: ವೀಲು ನಿಜಕ್ಕೂ ಕ್ಲೀನ್ ಆಗಿಯೇ ಉಳಿಯಿತು. ಆದರೆ ಎಂ.ಜಿ. ರಸ್ತೆಯ ನಿಧಾನ ಟ್ರಾಫಿಕ್‌ನಲ್ಲಿ ಕೀಚ್ ಅಂತ ಸದ್ದು, ಆಟೋದವರೂ ತಿರುಗಿ ನೋಡುವಷ್ಟು. ಬಿಚ್ಚಿ, ಪ್ಯಾಡಿನ ಮುಂದಿನ ಹಿಂದಿನ ಅಂಚುಗಳನ್ನು ಅರದಿಂದ ಓರೆಯಾಗಿ ಉಜ್ಜಿದೆ. ಸದ್ದು ಅರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ.

ಆಮೇಲೆ ದೇವರಾಯನದುರ್ಗ. ನಾಮದ ಚಿಲುಮೆ ದಾರಿಯಲ್ಲಿ ಹೋಗಿ ಮೇಲೆ ಯೋಗ ನರಸಿಂಹನ ದೇವಸ್ಥಾನದ ತನಕ ಹತ್ತಿದೆ. ಬೆಳಗಿನ ಹೊತ್ತು, ರಸ್ತೆ ಖಾಲಿ. ಇಳಿಯುವಾಗ ಬೇಕಂತಲೇ ಮೂರನೇ ಗೇರ್‌ನಲ್ಲಿ ಬಂದು ತಿರುವಿಗೊಂದು ಬ್ರೇಕ್ ಹಾಕಿದೆ. ಸಾಮಾನ್ಯವಾಗಿ ಎರಡನೇ ಗೇರ್‌ನಲ್ಲೇ ಇಳಿಯಬೇಕು, ಇದು ಪರೀಕ್ಷೆಗೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲಲು ಹೊತ್ತು ತಗೊಳ್ಳುತ್ತಿದೆ. ಕೂಡಲೇ ಎರಡನೇ ಗೇರಿಗೆ ಹಾಕಿ, ಅಗಲ ಇದ್ದ ಕಡೆ ನಿಲ್ಲಿಸಿದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಪೆಡಲ್ ಮೆತ್ತಗಾಗಿ ಸ್ಪಂಜಿನ ತರ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದಿದೆ. ಪೆಡಲ್ ಗಟ್ಟಿ ಇದ್ದೂ ಹಿಡಿಯದಿದ್ದರೆ ಪ್ಯಾಡೇ ಸೋತಿದೆ. ನನ್ನದು ಎರಡನೆಯದು. ಗನ್ ಹಿಡಿದರೆ ಎಡ 305, ಬಲ 311. ಬುಷ್ ಕೆಲಸ ಸರಿಯಾಗಿದೆ, ಎರಡೂ ಕಡೆ ಸಮ. ಮನೆಗೆ ಬಂದು ಬಿಚ್ಚಿದಾಗ ಪ್ಯಾಡಿನ ಮುಖ ಗಾಜಿನ ಹಾಗೆ ಮಿನುಗುತ್ತಿತ್ತು. ಆ ಸೆಟ್ ಕಸದ ಬುಟ್ಟಿಗೆ. ಯಾರಿಗಾದರೂ ಕೊಡೋಣ ಅಂತಲೂ ಮನಸ್ಸು ಬರಲಿಲ್ಲ.

6. ಎರಡನೇ ಸೆಟ್

ಆರ್90 ಗುರುತು, ಎಫ್‌ಎಫ್ ಕೋಡ್, ಅಯಸ್ಕಾಂತ ಹಿಡಿಯದ ಮುಖ, ಅಂಚು ಕಂಪನಿಯಲ್ಲೇ ಓರೆ ಮಾಡಿದ್ದು, ಹಿಂದೆ ಸದ್ದು ತಡೆಯುವ ಶಿಮ್ ಅಂಟಿಸಿದ್ದು. ₹4,700. ಬ್ರ್ಯಾಂಡ್ ಹೆಸರು ಬರೆಯೋದಿಲ್ಲ. ಒಂದೇ ಬ್ರ್ಯಾಂಡ್ ಬೇರೆ ಬೇರೆ ಗಾಡಿಗೆ ಬೇರೆ ಬೇರೆ ಮಿಶ್ರಣ ಕೊಡುತ್ತದೆ, ಅದೇ ಡಬ್ಬದ ಬಣ್ಣ ನೋಡಿ ನೀವು ತಂದರೆ ಬೇರೆಯದೇ ಬರಬಹುದು. ಗುರುತು ನೋಡಿ ತನ್ನಿ.

ಈ ಸಲ ಡಿಸ್ಕಿಗೆ ಜಾಸ್ತಿ ಗಮನ ಕೊಟ್ಟೆ. ಈ ಜಾತಿಯ ಪ್ಯಾಡ್ ಡಿಸ್ಕ್ ಮೇಲೆ ತನ್ನದೇ ತೆಳು ಪದರ ಬಿಟ್ಟುಕೊಂಡು ಆ ಪದರದ ಮೇಲೆ ಹಿಡಿಯುತ್ತದೆ. ಹಳೇ ಪ್ಯಾಡಿನ ಪದರ ಹಾಗೇ ಇದ್ದರೆ ಎರಡೂ ಸೇರೋದಿಲ್ಲ, ಸದ್ದು ಮಾಡುತ್ತವೆ. 120 ನಂಬರ್ ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಸಣ್ಣ ಸಣ್ಣ ಸುತ್ತಿನಲ್ಲಿ ಎರಡೂ ಮುಖ ಉಜ್ಜಿದೆ. ಕನ್ನಡಿ ಹೊಳಪು ಹೋಗಿ ಮಂಕು ಬೂದಿ ಬಣ್ಣ ಬರಬೇಕು. ಆಮೇಲೆ ಬ್ರೇಕ್ ಕ್ಲೀನರ್, ಹೊಸ ಬಟ್ಟೆ. ಬಟ್ಟೆ ಕಪ್ಪಾಗೋದು ನಿಲ್ಲುವ ತನಕ.

ಬೆಡ್ಡಿಂಗ್ (ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸೋದು): ಭಾನುವಾರ ಬೆಳಗ್ಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಅಗಲ ರಸ್ತೆ. 60ರಿಂದ 10ಕ್ಕೆ ಹದವಾಗಿ ಬ್ರೇಕ್, ಪೂರ್ತಿ ನಿಲ್ಲಿಸಬಾರದು, ಮತ್ತೆ ವೇಗ. ಹೀಗೆ ಹತ್ತು ಸಲ. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಆ ಜಾಗದಲ್ಲಿ ಕಲೆ ಕೂತು ಆಮೇಲೆ ನಡುಕ ಬರುತ್ತದೆ. ಕೊನೆಗೆ ಬ್ರೇಕ್ ಮುಟ್ಟದೆ ಆರುವ ತನಕ ಸುತ್ತಾಡಿದೆ. ಹಿಂದೆ ಯಾರೂ ಬರುತ್ತಿಲ್ಲ ಅಂತ ಪ್ರತಿ ಸಲ ಕನ್ನಡಿ ನೋಡಿಕೊಳ್ಳಿ.

ಮತ್ತೆ ದೇವರಾಯನದುರ್ಗ, ಅದೇ ಗೇರ್, ಅದೇ ಹಠ. ಕೆಳಗೆ ಭೋಗ ನರಸಿಂಹನ ದೇವಸ್ಥಾನದ ಹತ್ತಿರ ಗನ್ ಹಿಡಿದಾಗ 290ರ ಆಸುಪಾಸು. ವಾಸನೆ ಸ್ವಲ್ಪ ಬಂತು. ಹಿಡಿತ ಬದಲಾಗಲಿಲ್ಲ. ಮೂಲ ಪ್ಯಾಡಿನಂತೆ ಮುಟ್ಟಿದ ಕೂಡಲೇ ಕಚ್ಚೋದಿಲ್ಲ, ಕಾಲು ಒಂಚೂರು ಜಾಸ್ತಿ ಕೇಳುತ್ತದೆ. ಇದು ನಿಜ, ಒಪ್ಪಿಕೊಳ್ಳಬೇಕು. ನೀವು ವಾರ ವಾರ ಘಾಟಿ ಇಳಿಯುವವರಾದರೆ, ಇಲ್ಲ ತುಂಬಿದ ಗಾಡಿ ಓಡಿಸುವವರಾದರೆ, ಕಂಪನಿ ಪ್ಯಾಡೇ ಇಟ್ಟುಕೊಂಡು ವೀಲು ತೊಳೆಯಿರಿ. ಭಾಯ್ ಹೇಳಿದ್ದೇ ಸರಿ.

7. ಪಂಚೆ ಲೆಕ್ಕ

ಧೂಳು ಕಮ್ಮಿ ಆಗಿದೆಯಾ ಅಂತ ಕಣ್ಣಂದಾಜಲ್ಲಿ ಹೇಳಿದರೆ ಯಾರೂ ನಂಬಲ್ಲ. ಹಳೇ ಬಿಳಿ ಪಂಚೆಯನ್ನು ಅಂಗೈಯಗಲ ತುಂಡು ಮಾಡಿಟ್ಟಿದ್ದೆ. ವೀಲು ತೊಳೆದು, 500 ಕಿ.ಮೀ. ಓಡಿಸಿ, ಎಡ ವೀಲಿನ ವಾಲ್ವ್ ಪಕ್ಕದ ಕಡ್ಡಿಯನ್ನೇ ಒಂದು ಸಲ ಒರೆಸೋದು. ಪ್ರತಿ ತುಂಡಿಗೂ ಪೆನ್ನಲ್ಲಿ ಬರೆದಿಟ್ಟೆ.

ಹಳೇ ಪ್ಯಾಡ್, ಕಚ್ಚಿದ ಪಿನ್: ಕಡುಕಪ್ಪು, ನೂಲೇ ಕಾಣಲ್ಲ.
ಹಳೇ ಪ್ಯಾಡ್, ಹೊಸ ಬುಷ್ (ಪ್ಯಾಡ್ ಹುಡುಕುತ್ತಿದ್ದಾಗ ಹೀಗೇ ಓಡಿಸಿದ್ದು): ಕಪ್ಪು, ಆದರೆ ನೂಲು ಕಾಣುತ್ತದೆ. ಈಗ ಬಲಗಡೆ ವೀಲು ಎಷ್ಟು ಕಪ್ಪೋ ಇದೂ ಅಷ್ಟೇ.
ಮೊದಲ ಸೆರಾಮಿಕ್: ತಿಳಿ ಬೂದು.
ಎರಡನೇ ಸೆಟ್: ಬೂದು, ಸ್ವಲ್ಪ ಕಂದು.

ನಾಲ್ಕೂ ತುಂಡು ಪಕ್ಕ ಪಕ್ಕ ಇಟ್ಟಾಗ ಕಣ್ಣಿಗೆ ಬಡಿದದ್ದು ಮೊದಲೆರಡರ ನಡುವಿನ ಅಂತರ. ₹640ರ ಬುಷ್ ಮಾಡಿದ ಕೆಲಸ ಅದು. ₹4,700ರ ಪ್ಯಾಡಿನದು ಅದರ ಮೇಲಿನ ಲಾಭ.

ವೀಲಿನಲ್ಲಿ ಮೊದಲೇ ಕೂತಿದ್ದ ಮಸಿಗೆ ಐರನ್ ರಿಮೂವರ್ ಸ್ಪ್ರೇ ಬೇಕಾಯಿತು. ಹೊಡೆದ ಎರಡು ನಿಮಿಷಕ್ಕೆ ನೇರಳೆ ಬಣ್ಣದ ನೀರು ಇಳಿಯುತ್ತದೆ. ವಾಸನೆ ಕೊಳೆತ ಮೊಟ್ಟೆಯದು, ಮನೆಯವರು ಬಾಗಿಲು ಹಾಕಿಕೊಂಡರು. ನೆರಳಲ್ಲಿ, ವೀಲು ತಣ್ಣಗಿದ್ದಾಗ ಹೊಡೆದು, ಒಣಗುವ ಮೊದಲು ತೊಳೆಯಬೇಕು. ಟಾಯ್ಲೆಟ್ ಆಸಿಡ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ಅಲಾಯ್ ಪೇಂಟ್ ಉಳಿಯಬೇಕಾದರೆ ಅದನ್ನು ಕೇಳಬೇಡಿ.

ಖರ್ಚು: ಬುಷ್ ಕಿಟ್ 640, ಮೊದಲ ಸೆಟ್ 1,850 (ದಂಡ), ಎರಡನೇ ಸೆಟ್ 4,700, ಬ್ರೇಕ್ ಕ್ಲೀನರ್ ಎರಡು ಡಬ್ಬಿ 760, ಬ್ರೇಕ್ ಗ್ರೀಸ್ 220, ಎಮರಿ 40, ಐರನ್ ರಿಮೂವರ್ 550. ಒಟ್ಟು ₹8,760. ಗನ್, ಸ್ಕ್ರೂ ಗೇಜ್ ಕೈಬದಲು.

ಬಾಕಿ ಇರುವ ಕೆಲಸ: ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದೆ, ಡಾಟ್ 4 ದರ್ಜೆಯ ಆಯಿಲ್ ತಂದಿಟ್ಟಿದ್ದೇನೆ. ಅದರ ಜೊತೆಗೆ ಹಿಂದಿನ ಡ್ರಮ್ ಕೂಡ ಬಿಚ್ಚಿ, ಕಾಣದೇ ಇರೋ ಧೂಳು ಎಷ್ಟಿದೆ ನೋಡಬೇಕು.